ಪ್ಯಾಪಿಲಿಯೋ ಹಿಡಿದು ಪ್ಯಾಪಿಲಿಯೋ ನೋಡಿದ್ದು: ಪೆಂಟಾಕ್ಸ್ 6.5×21 ಬೈನಾಕ್ಯುಲರ್, ಎರಡು ಮಳೆಗಾಲದ ನಂತರ

ಚಿಟ್ಟೆ ನೋಡೋದಕ್ಕೆ ಬೈನಾಕ್ಯುಲರ್ ಯಾಕೆ ಬೇಕು ಅಂತ ನಮ್ಮ ಮನೆಯಲ್ಲೇ ಮೊದಲು ಕೇಳಿದರು. ಹಕ್ಕಿಯಾದರೆ ದೂರದ ಮರದ ತುದಿಯಲ್ಲಿ ಕೂರುತ್ತದೆ, ಚಿಟ್ಟೆ ಕಾಲಬುಡದಲ್ಲೇ ಇರುತ್ತದಲ್ಲ ಅಂತ. ಮಾತು ಅರ್ಧ ನಿಜ. ಕಾಲಬುಡದಲ್ಲಿ ಇರುತ್ತದೆ, ನಾವು ಬಗ್ಗುವವರೆಗೆ. ಬಗ್ಗಿದೆವೋ, ನಮ್ಮ ನೆರಳು ಅದರ ಮೇಲೆ ಬಿತ್ತೋ, ಎದ್ದು ಹೋಯಿತು.

ನನಗೆ ಐವತ್ತನಾಲ್ಕು ವರ್ಷ. ಎಡ ಮಂಡಿ ಮಡಚಿ ಕೂರಲು ಆಗುವುದಿಲ್ಲ, ಕನ್ನಡಕವಿಲ್ಲದೆ ಕಾಣುವುದಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮನೆ ಶಿರಸಿ ತಾಲೂಕಿನ ಘಟ್ಟದಂಚಿನ ಹಳ್ಳಿಯಲ್ಲಿ; ಮುಂದೆ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ, ಎರಡರ ನಡುವೆ ಹಳ್ಳ. ಮಳೆ ಹೊಳವಾದ ಮೇಲೆ ಆ ಹಳ್ಳದ ದಂಡೆಯಲ್ಲಿ ಚಿಟ್ಟೆ ನೋಡುತ್ತಾ ನಿಲ್ಲುವುದು ನನ್ನ ಹದಿನೈದು ವರ್ಷದ ಅಭ್ಯಾಸ. ಹಾಗಾಗಿ ಇದು ದುರ್ಬೀನಿನ ತಜ್ಞರು ಬರೆಯುವ ವಿಮರ್ಶೆಯಲ್ಲ. ಒಂದು ಅಪರೂಪದ ಚಿಟ್ಟೆಯನ್ನು ಸರಿಯಾಗಿ ಗುರುತಿಸಲೇಬೇಕು ಎಂಬ ಹಟಕ್ಕೆ ಬಿದ್ದು ಕೊಂಡುಕೊಂಡವಳ ಅನುಭವ.

ಆ ಚಿಟ್ಟೆಯ ಹೆಸರು ಮಲಬಾರ್ ಬ್ಯಾಂಡೆಡ್ ಪಿಕಾಕ್. ಶಾಸ್ತ್ರೀಯವಾಗಿ ಪ್ಯಾಪಿಲಿಯೋ ಬುದ್ಧ. 1872ರಲ್ಲಿ ವೆಸ್ಟ್‌ವುಡ್ ಕೊಟ್ಟ ಹೆಸರು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಕೇರಳದವರು 2018ರಲ್ಲಿ ಇದನ್ನು ತಮ್ಮ ರಾಜ್ಯದ ಚಿಟ್ಟೆ ಅಂತ ಘೋಷಿಸಿಕೊಂಡರು. ಮಲಯಾಳದಲ್ಲಿ ಅದಕ್ಕೆ 'ಬುದ್ಧಮಯೂರಿ' ಅನ್ನುತ್ತಾರೆ. ಎಷ್ಟು ಚಂದದ ಹೆಸರು! ನಾನೂ ಹಾಗೇ ಕರೆಯುತ್ತೇನೆ, ಇಲ್ಲಿ ಮುಂದೆಯೂ ಹಾಗೇ ಬರೆಯುತ್ತೇನೆ.

ಇನ್ನು ಬೈನಾಕ್ಯುಲರಿನ ಹೆಸರು: ಪೆಂಟಾಕ್ಸ್ ಪ್ಯಾಪಿಲಿಯೋ 2. ಲ್ಯಾಟಿನ್ನಿನಲ್ಲಿ ಪ್ಯಾಪಿಲಿಯೋ ಅಂದರೆ ಚಿಟ್ಟೆ. 1758ರಲ್ಲಿ ಲಿನೇಯಸ್ ಬಳಸಿದ ಕುಲನಾಮವೂ ಅದೇ. ಹೆಸರು ನೋಡಿ ಮರುಳಾಗಿ ತೆಗೆದುಕೊಂಡೆ ಅಂದುಕೊಳ್ಳಬೇಡಿ. ಅದಕ್ಕೆ ಮೊದಲು ಕೈಯಲ್ಲಿದ್ದ ಇನ್ನೊಂದರಿಂದ ಸಾಕಷ್ಟು ಬೇಸತ್ತಿದ್ದೆ.

ಅದು 10×50ರದ್ದು, ಅಂದರೆ ಹತ್ತು ಪಟ್ಟು ಹಿಗ್ಗಿಸುವ, ಮುಂದಿನ ಮಸೂರ 50 ಮಿಲಿಮೀಟರ್ ಅಗಲದ್ದು; ಯಾವ ಕಂಪನಿಯದು ಅಂತ ಹೇಳುವುದಿಲ್ಲ. ಹಕ್ಕಿಗೆ ಒಳ್ಳೆಯದೇ. ಒಂದು ಕೇಜಿಯ ಹತ್ತಿರ ತೂಕ, ಕುತ್ತಿಗೆಗೆ ಹಾಕಿಕೊಂಡು ಒಂದು ತಾಸು ನಿಂತರೆ ಭುಜ ಬಿಗಿಯುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಐದಾರು ಮೀಟರಿಗಿಂತ ಹತ್ತಿರದ್ದು ಅದರಲ್ಲಿ ಮಸುಕು. ಹಳ್ಳದ ಈ ದಂಡೆಯಿಂದ ಆ ದಂಡೆಗೆ ಇರುವುದೇ ಮೂರು ಮೀಟರ್. ಚಿಟ್ಟೆ ಸ್ಪಷ್ಟವಾಗಿ ಕಾಣಬೇಕೆಂದರೆ ನಾನು ಹಿಂದೆ ಸರಿಯಬೇಕು, ಸರಿದರೆ ನಡುವೆ ಕೇದಗೆ ಪೊದೆ ಅಡ್ಡ. ಮನೆಯ ಅಂಗಳದಿಂದ ನೋಡಿದರೆ ರಥಪುಷ್ಪದ ಮೇಲಿನ ಚಿಟ್ಟೆ ಚೆನ್ನಾಗಿ ಕಾಣುತ್ತಿತ್ತು, ಆದರೆ ಬುದ್ಧಮಯೂರಿ ಅಂಗಳಕ್ಕೆ ಬರಲಿ ಅಂತ ಎಷ್ಟು ವರ್ಷ ಕಾಯುವುದು?

ಒಂದು ವಿಷಯ ಇಲ್ಲಿ ಹೇಳಲೇಬೇಕು. ಏಳೆಂಟು ವರ್ಷ ಕಾಲ ನಾನು ಬುದ್ಧಮಯೂರಿಯನ್ನು ನೋಡಿದ್ದೇನೆ ಅಂತಲೇ ನಂಬಿದ್ದೆ. ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಟ್ಟುಕೊಂಡಿದ್ದೆ. ಮಕ್ಕಳಿಗೂ ಹೇಳಿದ್ದೆ. ಫೋನಿನಲ್ಲಿ ತೆಗೆದ ಒಂದು ಮಸುಕು ಫೋಟೋ ಇತ್ತು: ಕಪ್ಪು ರೆಕ್ಕೆ, ನವಿಲುಗರಿಯ ನೀಲಿ-ಹಸಿರು, ಬಾಲ. ಅಷ್ಟು ಸಾಕಲ್ಲ ಅಂದುಕೊಂಡಿದ್ದೆ. ಸಾಕಾಗುವುದಿಲ್ಲ. ಚಿಟ್ಟೆಗಳನ್ನು ಚೆನ್ನಾಗಿ ಬಲ್ಲ ಸ್ನೇಹಿತೆಯೊಬ್ಬಳು ಆ ಫೋಟೋ ನೋಡಿ, "ಇದು ಪ್ಯಾರಿಸ್ ಪಿಕಾಕ್ ಮಾರಾಯ್ತಿ, ಮುಂದಿನ ರೆಕ್ಕೆ ನೋಡು" ಅಂದಳು. ನೋಡಿದೆ. ಮುಂದಿನ ರೆಕ್ಕೆಯಲ್ಲಿ ಪಟ್ಟಿಯೇ ಇರಲಿಲ್ಲ. ಅವತ್ತು ನೋಟ್‌ಬುಕ್ಕಿನ ಆ ಸಾಲುಗಳನ್ನು ತಿದ್ದುವಾಗ ಆದ ಬೇಜಾರು ಇನ್ನೂ ನೆನಪಿದೆ.

ನನ್ನ ಹಾಗೆ ಬೇರೆಯವರು ತಪ್ಪಬಾರದು ಅಂತ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ದಕ್ಷಿಣ ಭಾರತದಲ್ಲಿ ನವಿಲು ಬಣ್ಣದ ಬಾಲದ ಚಿಟ್ಟೆಗಳು ಮೂರು. ಮೂರೂ ಅಂಗೈಯಷ್ಟು ದೊಡ್ಡವು, ಮೂರೂ ಕಪ್ಪು, ಮೂರಕ್ಕೂ ಚಮಚದ ತುದಿಯಂಥ ಬಾಲ. ಬಾಲ ನೋಡಿ, ಗಾತ್ರ ನೋಡಿ ಹೇಳುವಂತಿಲ್ಲ.

ಪ್ಯಾರಿಸ್ ಪಿಕಾಕಿನಲ್ಲಿ ಹೊಳೆಯುವ ಬಣ್ಣವೆಲ್ಲ ಹಿಂದಿನ ರೆಕ್ಕೆಯ ಮೇಲೆ, ಒಂದು ಮಚ್ಚೆಯ ಹಾಗೆ. ಯಾರೋ ನೀಲಿ ಬಣ್ಣದಲ್ಲಿ ಬೆರಳದ್ದಿ ಒತ್ತಿದಂತೆ. ಮುಂದಿನ ರೆಕ್ಕೆಯಲ್ಲಿ ಇರುವುದು ಹಸಿರು ಪುಡಿ, ಹೆಚ್ಚೆಂದರೆ ಅಂಚಿನ ಕಡೆ ಒಂದು ತೆಳು ಗೆರೆ. ಹಿಂದಿನ ರೆಕ್ಕೆಯ ಒಳಮೂಲೆಯಲ್ಲಿ ದ್ರಾಕ್ಷಾರಸದ ಬಣ್ಣದ ಕೆಂಪು ಚುಕ್ಕೆ. ನಮ್ಮ ಘಟ್ಟದಲ್ಲಿ ಇರುವುದು ಇದರ ತಮಿಳಾನಾ ಎಂಬ ಉಪಪ್ರಭೇದ, ಉತ್ತರದ ಪ್ಯಾರಿಸ್‌ಗಿಂತ ಇದರ ಮಚ್ಚೆ ದೊಡ್ಡದು. ಹಾರುವಾಗ ಮಚ್ಚೆಯೇ ಪಟ್ಟಿಯ ಹಾಗೆ ಕಾಣುತ್ತದೆ. ನಾನು ಮೋಸ ಹೋದದ್ದು ಅಲ್ಲಿಯೇ.

ಕಾಮನ್ ಬ್ಯಾಂಡೆಡ್ ಪಿಕಾಕಿಗೆ ಪಟ್ಟಿ ಇದೆ, ಎರಡೂ ರೆಕ್ಕೆಗಳ ಮೇಲೆ ಹಾದು ಹೋಗುತ್ತದೆ, ಆದರೆ ಕಿರಿದು; ರವಿಕೆಯ ಸಣ್ಣ ಅಂಚಿನಷ್ಟು. ಉಳಿದ ಕಪ್ಪಿನ ಮೇಲೆಲ್ಲ ಹಸಿರು ಧೂಳು ದಟ್ಟವಾಗಿ ಉದುರಿಸಿದಂತೆ ಇರುತ್ತದೆ. ಅದು ಬಯಲುಸೀಮೆಯ ಕಡೆಯ ಒಣ ಕಾಡಿನ ಚಿಟ್ಟೆ. ಅದರ ಹುಳ ತಿನ್ನುವುದು ಹುರುಗಲು ಮರದ ಎಲೆ.

ಬುದ್ಧಮಯೂರಿಯ ಪಟ್ಟಿ ಅಂಚಲ್ಲ, ಸೆರಗು. ಮುಂದಿನ ರೆಕ್ಕೆಯ ತುದಿಯ ಹತ್ತಿರ ಕಿರಿದಾಗಿ ಹುಟ್ಟಿ, ಮೈಯ ಕಡೆ ಬರುತ್ತಾ ಅಗಲವಾಗಿ, ಹಿಂದಿನ ರೆಕ್ಕೆಗೆ ಇಳಿಯುವಾಗ ಅದರ ನಡುಭಾಗವನ್ನೆಲ್ಲ ಆವರಿಸುತ್ತದೆ. ರೆಕ್ಕೆ ಬಿಡಿಸಿದಾಗ ನಾಲ್ಕೂ ರೆಕ್ಕೆಯ ಪಟ್ಟಿಗಳು ಒಂದಕ್ಕೊಂದು ಕೂಡಿ ಒಂದೇ ಹೊಳೆ ಹರಿದಂತೆ ಕಾಣುತ್ತದೆ. ಸುತ್ತಲಿನ ಕಪ್ಪು ಹೆಚ್ಚು ಅಚ್ಚಕಪ್ಪು, ಮಖಮಲ್ಲಿನ ಕಪ್ಪು. ಹಸಿರು ಧೂಳು ಅಲ್ಲಲ್ಲಿ ಮಾತ್ರ. ಕೆಳಮೈ ಮಾತ್ರ ಮಂಕು ಕಂದುಗಪ್ಪು, ಹಿಂದಿನ ರೆಕ್ಕೆಯ ಅಂಚಿನಲ್ಲಿ ಅರ್ಧಚಂದ್ರದ ಗುರುತುಗಳ ಒಂದು ಸಾಲು. ರೆಕ್ಕೆ ಮುಚ್ಚಿ ಕೂತರೆ ಪಕ್ಕದಲ್ಲೇ ಹಾದು ಹೋದವರಿಗೂ ಗೊತ್ತಾಗುವುದಿಲ್ಲ.

ಪಟ್ಟಿ ಇದೆಯೋ ಮಚ್ಚೆಯೋ, ಅಗಲವೋ ಕಿರಿದೋ, ಧೂಳು ದಟ್ಟವೋ ವಿರಳವೋ. ಕಾಗದದ ಮೇಲೆ ಸುಲಭ. ಆದರೆ ಇದು ನೆಟ್ಟಗೆ, ವೇಗವಾಗಿ, ಮರದ ನೆತ್ತಿಯ ಮಟ್ಟದಲ್ಲಿ ಹಾರುವ ಚಿಟ್ಟೆ. ಕೆಳಗಿಳಿಯುವುದು ಹೂವಿಗೆ, ಇಲ್ಲವೇ ಒದ್ದೆ ಮಣ್ಣಿಗೆ. ಕೆಳಗಿಳಿದ ಆ ಎರಡು ನಿಮಿಷದಲ್ಲಿ ಇಷ್ಟೆಲ್ಲ ಕಾಣಬೇಕು, ಅದನ್ನು ಎಬ್ಬಿಸದೆ. ಬಲೆ ಬೀಸಿ ಹಿಡಿದು ನೋಡುವ ಕಾಲ ಹೋಯಿತು, ಹೋಗಿದ್ದು ಒಳ್ಳೆಯದಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಸೇರಿದ ಚಿಟ್ಟೆ ಇದು. ನಮ್ಮ ಜಿಲ್ಲೆಯ ಅರಣ್ಯಾಧಿಕಾರಿಯಾಗಿದ್ದ, ನಿವೃತ್ತಿಯ ನಂತರ ಕಾರವಾರದಲ್ಲೇ ನೆಲೆಸಿದ ಟಿ. ಆರ್. ಬೆಲ್ ಮತ್ತು ಅವರ ಜೊತೆಗಾರರು 1890ರ ದಶಕದಲ್ಲೇ ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಹುಳ ಸಾಕಿ, ಕೋಶ ಕಾದು, ಅವರು ಕಂಡುಕೊಂಡದ್ದರ ಮೇಲೇ ನಾವಿವತ್ತು ನಿಂತಿದ್ದೇವೆ. ಅವರ ಕೈಯಲ್ಲಿ ಬಲೆ ಇತ್ತು. ನನ್ನ ಕೈಯಲ್ಲಿ ಈ ಬೈನಾಕ್ಯುಲರ್ ಇದೆ.

ಈಗ ಇದರ ಕೆಲಸ ಹೇಗೆ ಅಂತ. ಸಾಧಾರಣ ಬೈನಾಕ್ಯುಲರಿನಲ್ಲಿ ಎರಡು ಕೊಳವೆಗಳೂ ನೇರ ಮುಂದಕ್ಕೆ ನೋಡುತ್ತವೆ. ದೂರದ್ದಕ್ಕೆ ಅದು ಸರಿ. ಹತ್ತಿರದ ವಸ್ತುವಾದರೆ ಎಡ ಕೊಳವೆಗೆ ಒಂದು ಕಡೆ, ಬಲ ಕೊಳವೆಗೆ ಇನ್ನೊಂದು ಕಡೆ ಕಾಣಿಸಿ ಎರಡು ಚಿತ್ರ ಆಗಿಬಿಡುತ್ತದೆ. ಮೂಗಿನ ತುದಿಗೆ ಬೆರಳು ತಂದರೆ ನಮ್ಮ ಕಣ್ಣುಗುಡ್ಡೆಗಳು ಒಳಕ್ಕೆ ತಿರುಗುವುದಿಲ್ಲವೇ, ಇದರ ಮುಂದಿನ ಮಸೂರಗಳೂ ಹಾಗೇ ಮಾಡುತ್ತವೆ. ಫೋಕಸ್ ಚಕ್ರ ತಿರುಗಿಸುತ್ತಾ ಹತ್ತಿರಕ್ಕೆ ಬಂದಂತೆ ಎರಡೂ ಮಸೂರ ಒಂದರತ್ತ ಒಂದು ಸರಿಯುತ್ತವೆ. ಮುಂದಿನ ಗಾಜಿನ ಒಳಗಡೆ ಅದು ಸರಿಯುವುದು ಕಣ್ಣಿಗೇ ಕಾಣುತ್ತದೆ. ಎಂಟನೇ ಕ್ಲಾಸಿನ ಮಕ್ಕಳಿಗೆ ತೋರಿಸಿದಾಗ ಚಿಟ್ಟೆಯನ್ನು ಬಿಟ್ಟು ಇದನ್ನೇ ನೋಡುತ್ತಾ ಕೂತರು. ಹೀಗಾಗಿ ಅರ್ಧ ಮೀಟರ್ ಹತ್ತಿರದವರೆಗೂ ಸ್ಪಷ್ಟ. 50 ಸೆಂಟಿಮೀಟರ್ ದೂರದ್ದನ್ನು ಆರೂವರೆ ಪಟ್ಟು ಹಿಗ್ಗಿಸಿದರೆ, ಅದು ಎಂಟು ಸೆಂಟಿಮೀಟರಿಗಿಂತ ಹತ್ತಿರ ಇದ್ದ ಹಾಗಾಯಿತು. ಅಷ್ಟು ಹತ್ತಿರ ಕಣ್ಣಿಟ್ಟು ನೋಡಲು ಬರಿಗಣ್ಣಿಗೆ ಸಾಧ್ಯವಿಲ್ಲ, ನನ್ನ ವಯಸ್ಸಿನ ಕಣ್ಣಿಗಂತೂ ಇಲ್ಲವೇ ಇಲ್ಲ. ಎರಡೂ ಕಣ್ಣಿನಿಂದ ನೋಡುವುದರಿಂದ ಉಬ್ಬು-ತಗ್ಗು ಕೂಡ ಗೊತ್ತಾಗುತ್ತದೆ. ಕ್ಯಾಮೆರಾದ ಪರದೆ ಇದನ್ನು ಕೊಡುವುದಿಲ್ಲ.

ಹೋದ ವರ್ಷ ಅಕ್ಟೋಬರಿನ ಒಂದು ಭಾನುವಾರ, ಹತ್ತೂವರೆ ಹೊತ್ತಿಗೆ. ರಾತ್ರಿ ಮಳೆ ಬಂದು ಬೆಳಿಗ್ಗೆ ಬಿಸಿಲು ಬಿದ್ದಿತ್ತು. ಹಳ್ಳ ದಾಟುವಲ್ಲಿ ದನ ಇಳಿದು ಇಳಿದು ಒಂದು ಮಾರು ಅಗಲದ ಕೆಸರು ಮರಳಿನ ಜಾಗ ಇದೆ. ಅಲ್ಲಿ ಹತ್ತಿಪ್ಪತ್ತು ಹಳದಿ ಚಿಟ್ಟೆ, ನಾಲ್ಕೈದು ಬ್ಲೂಬಾಟಲ್ ಚಿಟ್ಟೆ ನೀರು ಹೀರುತ್ತಾ ಕೂತಿದ್ದವು. ಅವುಗಳ ಪಕ್ಕದಲ್ಲಿ ದರಕಿನ, ಅಂದರೆ ಒಣಗಿ ಉದುರಿದ ಎಲೆಯ, ತುಂಡಿನಂಥದ್ದೊಂದು ನಿಂತಿತ್ತು. ಬೈನಾಕ್ಯುಲರ್ ಎತ್ತಿದೆ. ಎರಡು ಮೀಟರ್ ಇರಬಹುದು. ಆ ದೂರದಲ್ಲಿ ಇದರ ನೋಟದ ವೃತ್ತ ಸುಮಾರು ಒಂದು ಗೇಣು ಅಗಲ. ದೊಡ್ಡ ಚಿಟ್ಟೆ ಪೂರ್ತಿ ಒಳಗೆ ಬಂದು ಸುತ್ತ ಜಾಗವೂ ಉಳಿಯುತ್ತದೆ.

ದರಕಲ್ಲ. ರೆಕ್ಕೆ ಮುಚ್ಚಿದ ಚಿಟ್ಟೆ. ಕಂದುಗಪ್ಪು, ಅಂಚಿನಲ್ಲಿ ಅರ್ಧಚಂದ್ರಗಳು. ಮೂರರಲ್ಲಿ ಯಾವುದೂ ಆಗಬಹುದಿತ್ತು. ನಾನು ಉಸಿರು ಬಿಗಿಹಿಡಿದು ನಿಂತೆ. ಸೊಂಡಿಲು ಮರಳಿನ ಕಣಗಳ ನಡುವೆ ಇಳಿದಿತ್ತು, ಆಗಾಗ ಜಾಗ ಬದಲಿಸಿ ಹುಡುಕುತ್ತಿತ್ತು. ಅರ್ಧ ನಿಮಿಷಕ್ಕೊಮ್ಮೆ ಹೊಟ್ಟೆಯ ತುದಿಯಿಂದ ಒಂದು ಹನಿ ತಿಳಿನೀರು ಚಿಮ್ಮುತ್ತಿತ್ತು. ಗಂಡು ಚಿಟ್ಟೆಗಳು ಕೆಸರಿಗೆ ಬರುವುದು ನೀರಿಗಲ್ಲ, ನೀರಿನಲ್ಲಿರುವ ಉಪ್ಪಿಗೆ. ಉಪ್ಪನ್ನು ಉಳಿಸಿಕೊಂಡು ನೀರನ್ನು ಹೊರಗೆ ಬಿಡುತ್ತವೆ. ಇದನ್ನು ಎಷ್ಟು ವರ್ಷ ಪಾಠ ಮಾಡಿದ್ದೇನೆ! ಆ ಹನಿ ಬಿಸಿಲಿಗೆ ಮಿಂಚಿ ಬೀಳುವುದನ್ನು ಅವತ್ತೇ ಮೊದಲ ಸಲ ಕಂಡದ್ದು.

ಒಂದು ಬ್ಲೂಬಾಟಲ್ ಅದರ ಕಾಲಿಗೆ ತಾಗಿತು. ರೆಕ್ಕೆ ಬಿಡಿಸಿತು.

ಪಟ್ಟಿ ಅಗಲವಾಗಿತ್ತು. ಮುಂದಿನ ರೆಕ್ಕೆಯಿಂದ ಹಿಂದಿನ ರೆಕ್ಕೆಗೆ ತುಂಡಾಗದೆ ಇಳಿದಿತ್ತು. ಮೊದಲು ಹಸಿರು ಅನ್ನಿಸಿತು, ರೆಕ್ಕೆ ಓರೆಯಾದಾಗ ನೀಲಿಯಾಯಿತು, ಮತ್ತೆ ಹಸಿರು. ಅದು ಬಳಿದ ಬಣ್ಣವಲ್ಲ. ರೆಕ್ಕೆಯ ಹುರುಪೆಗಳ ಒಳಗಿನ ಅತಿ ಸೂಕ್ಷ್ಮ ಪದರಗಳು ಬೆಳಕನ್ನು ಮರಳಿಸುವ ರೀತಿ. ಅದಕ್ಕೇ ಕೋನ ಬದಲಾದರೆ ಬಣ್ಣ ಬದಲಾಗುತ್ತದೆ. ಫೋಟೋದಲ್ಲಿ ಒಂದೇ ಬಣ್ಣ ನಿಂತುಬಿಡುತ್ತದೆ, ಜೀವಂತ ಚಿಟ್ಟೆಯ ಮೇಲೆ ಅದು ಓಡಾಡುತ್ತಿರುತ್ತದೆ. ಎಡ ಹಿಂದಿನ ರೆಕ್ಕೆಯ ಬಾಲ ಅರ್ಧ ಮುರಿದಿತ್ತು, ಬಹುಶಃ ಹಕ್ಕಿಯೊಂದು ಕುಕ್ಕಿ ತಪ್ಪಿಸಿಕೊಂಡದ್ದು. ಆರೇಳು ಸಲ ರೆಕ್ಕೆ ಬಡಿಯಿತು, ಮುಚ್ಚಿತು, ಮತ್ತೆ ಕುಡಿಯಲು ಕೂತಿತು. ನಾನು ಕೈ ಇಳಿಸಲಿಲ್ಲ. 290 ಗ್ರಾಂ ತೂಕದ ವಸ್ತುವಾದ್ದರಿಂದ ಹತ್ತು ನಿಮಿಷ ಹಾಗೇ ಹಿಡಿದು ನಿಲ್ಲಲು ಸಾಧ್ಯವಾಯಿತು. ಹಳೆಯದಾಗಿದ್ದರೆ ಎರಡನೇ ನಿಮಿಷಕ್ಕೇ ಕೈ ನಡುಗುತ್ತಿತ್ತು. ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಬರೆಯುವಾಗ ಈ ಸಲ ಪ್ರಶ್ನಾರ್ಥಕ ಚಿಹ್ನೆ ಹಾಕಲಿಲ್ಲ.

ಅದಾದ ಮೇಲೆ ಹುಳ ಹುಡುಕುವ ಹುಚ್ಚು. ಬುದ್ಧಮಯೂರಿಯ ಹುಳ ತಿನ್ನುವುದು ಜುಮ್ಮಿನ ಮರದ ಎಲೆ. ಮೈತುಂಬ ದಪ್ಪ ಮುಳ್ಳಿನ, ಕಾಯಿ ಬಾಯಿಗೆ ಹಾಕಿದರೆ ನಾಲಿಗೆ ಜುಮ್ ಅನ್ನುವ ಮರ. ಕರಾವಳಿಯ ಕೊಂಕಣಿಗರು ತೆಪ್ಪಳ ಅಂತ ಅಡುಗೆಗೆ ಹಾಕುವುದು ಇದರ ಕಾಯಿಯನ್ನೇ. ನಮ್ಮ ಬೆಟ್ಟದಲ್ಲಿ ದೊಡ್ಡ ಮರ ಎರಡಿವೆ, ಎಲೆ ಎಟುಕುವ ಮಾತೇ ಇಲ್ಲ. ಬೇಲಿಯ ಹತ್ತಿರ ಎದೆಮಟ್ಟದ ಸಸಿಯೊಂದು ತಾನಾಗಿ ಎದ್ದಿತ್ತು, ಅದರ ಎಲೆಯ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಒಂದು ಚೂರು. ಮುಟ್ಟಲು ಹೋದರೆ ಮುಳ್ಳು. ಅರ್ಧ ಮೀಟರಿನಲ್ಲಿ ನಿಂತು ಬೈನಾಕ್ಯುಲರ್ ಹಿಡಿದೆ. ಹಿಕ್ಕೆಗೆ ತಲೆ ಇತ್ತು! ಎಲೆಯ ನಡುದಿಂಡಿನ ಮೇಲೆ ರೇಷ್ಮೆಯ ತೆಳು ಹಾಸು ಹಾಸಿಕೊಂಡು ಕೂತಿತ್ತು. ಈ ಗುಂಪಿನ ಹುಳಗಳು ಸಣ್ಣವಿದ್ದಾಗ ಹಿಕ್ಕೆಯ ವೇಷ, ದೊಡ್ಡವಾದ ಮೇಲೆ ಎಲೆಹಸಿರು ಬಣ್ಣ, ಎದೆಯ ಮೇಲೆ ಕಣ್ಣಿನಂಥ ಗುರುತು. ಹನ್ನೊಂದು ದಿನ, ಶಾಲೆಗೆ ಹೋಗುವ ಮುಂಚೆ ನಿಂತು ನೋಡಿದೆ. ಒಂದು ದಿನ ಕೊಂಬೆಗೆ ನನ್ನ ಕೊಡೆ ತಾಗಿ, ತಲೆಯ ಹಿಂದಿನಿಂದ ಕವಲು ನಾಲಿಗೆಯಂಥ ಅಂಗ ಹೊರಗೆ ಚಾಚಿತು. ಖಾರವಾದ ವಾಸನೆ ನನ್ನವರೆಗೂ ಬಂತು. ಹನ್ನೆರಡನೇ ದಿನ ಹುಳ ಇರಲಿಲ್ಲ. ಕೋಶ ಕಟ್ಟಲು ಬೇರೆಡೆಗೆ ಹೋಯಿತೋ, ಕಣಜದ ಪಾಲಾಯಿತೋ. ಹಾಗಾಗಿ ಅದು ಬುದ್ಧಮಯೂರಿಯದೇ ಹುಳ ಅಂತ ನಾನು ನೋಟ್‌ಬುಕ್ಕಿನಲ್ಲಿ ಬರೆದಿಲ್ಲ, 'ಜುಮ್ಮಿನ ಸಸಿಯ ಹುಳ' ಅಂತಲೇ ಬರೆದಿದ್ದೇನೆ.

ಕೊಳ್ಳುವವರು ತಿಳಿದಿರಬೇಕಾದ ಮಿತಿಗಳೂ ಇವೆ. ಇದು ನೀರು ತಡೆಯುವಂತೆ ಮಾಡಿದ್ದಲ್ಲ. ನಮ್ಮ ಕಡೆಯ ಜುಲೈ ಮಳೆಗೆ ಇದನ್ನು ಹೊರಗೆ ಒಯ್ಯುವ ಪ್ರಶ್ನೆಯೇ ಇಲ್ಲ, ಉಳಿದ ಕಾಲದಲ್ಲೂ ನಾನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪುಡಿಕೆಯ ಜೊತೆ ಇಡುತ್ತೇನೆ. ಮುಂದಿನ ಮಸೂರ 21 ಮಿಲಿಮೀಟರ್ ಮಾತ್ರ. ಕಣ್ಣಿಗೆ ಬರುವ ಬೆಳಕಿನ ವೃತ್ತ ಮೂರು ಮಿಲಿಮೀಟರಿಗಿಂತ ಚೂರು ಹೆಚ್ಚು. ಬಿಸಿಲಿನಲ್ಲಿ ಏನೂ ತೊಂದರೆಯಿಲ್ಲ, ಕಾನಿನ ಒಳಗೆ ಸಂಜೆ ಐದರ ನಂತರ ಮಂಕು. ಮಬ್ಬಿನಲ್ಲಿ ಹಾರುವ ಕಂದು ಚಿಟ್ಟೆಗಳನ್ನು ನೋಡುವವರಿಗೆ ಇದು ಸಾಲದು. ಫೋಕಸ್ ಚಕ್ರವನ್ನು ದೂರದಿಂದ ಹತ್ತಿರಕ್ಕೆ ತರಲು ಬಹಳ ತಿರುಗಿಸಬೇಕು. ನಾನು ಹಳ್ಳಕ್ಕೆ ಇಳಿಯುವ ಮೊದಲೇ ಎರಡು ಮೀಟರಿಗೆ ಹೊಂದಿಸಿಟ್ಟುಕೊಳ್ಳುತ್ತೇನೆ, ಆಮೇಲೆ ಬೆರಳಿನ ಸಣ್ಣ ಚಲನೆ ಸಾಕು. ಹಕ್ಕಿಗೆ ಅಂತ ಇದೊಂದನ್ನೇ ಕೊಳ್ಳಬೇಡಿ. ಮಂಗಟ್ಟೆ ಕಾಣುತ್ತದೆ, ಆದರೆ ಆರೂವರೆ ಪಟ್ಟು ಕಡಿಮೆಯೇ ಅನ್ನಿಸುತ್ತದೆ.

ಕನ್ನಡಕದವರಿಗೆ: ಕಣ್ಣಿನ ಅಂತರ, ಅಂದರೆ ಪೂರ್ತಿ ನೋಟ ಸಿಗಲು ಹಿಂದಿನ ಮಸೂರದಿಂದ ಕಣ್ಣು ಇರಬಹುದಾದ ದೂರ, 15 ಮಿಲಿಮೀಟರ್ ಅಂತ ಕೊಟ್ಟಿದ್ದಾರೆ. ನನ್ನ ತೆಳು ಕನ್ನಡಕಕ್ಕೆ ಕಣ್ಣುಬಟ್ಟಲನ್ನು ಪೂರ್ತಿ ಒಳಕ್ಕೆ ತಿರುಗಿಸಿದರೆ ನೋಟದ ವೃತ್ತ ಬಹುತೇಕ ಪೂರ್ತಿ ಸಿಗುತ್ತದೆ. ದಪ್ಪ ಫ್ರೇಮಿನವರು ಕೊಳ್ಳುವ ಮುಂಚೆ ಒಮ್ಮೆ ಹಾಕಿ ನೋಡುವುದು ಲೇಸು. ತಳದಲ್ಲಿ ಟ್ರೈಪಾಡಿಗೆ ಕೂರಿಸುವ ತೂತಿದೆ. ಹುಳ ನೋಡುವಾಗ ಮಕ್ಕಳಿಗೆ ಇದು ತುಂಬ ಅನುಕೂಲ, ಒಬ್ಬರಾದ ಮೇಲೆ ಒಬ್ಬರು ಬಂದು ಕಣ್ಣಿಟ್ಟು ಹೋಗಬಹುದು.

8.5×21 ಅಂತ ಇನ್ನೊಂದು ಮಾದರಿಯೂ ಇದೆ, ಯಾವುದು ಒಳ್ಳೆಯದು ಅಂತ ಕೇಳುತ್ತಾರೆ. ಸ್ನೇಹಿತೆಯ ಬಳಿ ಅದಿದೆ, ಎರಡು ಭಾನುವಾರ ಅದಲು ಬದಲು ಮಾಡಿಕೊಂಡು ನೋಡಿದೆವು. ಕೂತ ಚಿಟ್ಟೆಯ ಹುರುಪೆ, ಕಾಲು, ಸೊಂಡಿಲು ಅದರಲ್ಲಿ ಇನ್ನೂ ದೊಡ್ಡದಾಗಿ ಕಾಣುತ್ತದೆ, ನಿಜ. ಆದರೆ ನೋಟದ ಅಗಲ ಕಡಿಮೆ: ಇದರದ್ದು ಏಳೂವರೆ ಡಿಗ್ರಿ, ಅದರದ್ದು ಆರು. ಬೆಳಕೂ ಕಡಿಮೆ, ಕೈನಡುಕ ಹೆಚ್ಚು ಕಾಣಿಸುತ್ತದೆ. ಬುದ್ಧಮಯೂರಿಯಂಥದ್ದು ಎದ್ದು ಹಾರಿದಾಗ ಹಿಂಬಾಲಿಸಿ ಮತ್ತೆ ಹಿಡಿಯಲು ಅಗಲವೇ ಬೇಕು. ಅವಳು ರಥಪುಷ್ಪದ ಮೇಲೆ ಒಂದನ್ನು ನೋಟಕ್ಕೆ ಹಿಡಿದು ಕಳೆದುಕೊಂಡಳು, ಅದೇ ಚಿಟ್ಟೆಯನ್ನು ನಾನು ಬೇಲಿಯ ಆಚೆಯವರೆಗೂ ನೋಡಿದೆ. ಪ್ಯಾರಿಸ್ ಆಗಿತ್ತು, ಮುಂದಿನ ರೆಕ್ಕೆ ಬರೀ ಧೂಳು.

ದೀಪಾವಳಿ ರಜೆಯ ಮುಂಚೆ ಶಾಲೆಯ ಮಕ್ಕಳಿಗೆಂದು ಇನ್ನೊಂದಕ್ಕೆ ಹಣ ಕಳಿಸಿದ್ದೇನೆ. ಅದೂ 6.5ರದ್ದೇ. ಬೇಲಿಯ ಜುಮ್ಮಿನ ಸಸಿ ಈಗ ನನ್ನ ತಲೆಮಟ್ಟ ದಾಟಿದೆ.